ಒಳ ಒಲೆಯ ಹುರುಳಿ ಕಟ್ಟು

ಸೆರಗಿನಡಿ ಮುಚ್ಚಿಕೊಂಡು ತಂದ ಚೊಂಬನ್ನು ಹೊಸಿಲು ದಾಟಿಸುವಾಗ ಕರಿಯಕ್ಕ ಸೆರಗನ್ನು ಇನ್ನಷ್ಟು ಬಿಗಿಹಿಡಿದಳು. ಇಪ್ಪತ್ತೊಂದು ವರ್ಷದಿಂದ ಆ ಹೊಸಿಲನ್ನು ಮಾಂಸದ ಪಾತ್ರೆ ದಾಟಿರಲಿಲ್ಲ. ಚೊಂಬಿನಲ್ಲಿದ್ದದ್ದು ಅತ್ತಿಗೆ ಗೌರಕ್ಕ ತನ್ನ ಮನೆಯಲ್ಲಿ ಬೇಯಿಸಿ ಬಸಿದು ಕೊಟ್ಟ ಕುರಿಕಾಲಿನ ಸಾರು. ಒಲೆಯ ಮೇಲೆ ಮಗನಿಗೆಂದು ಇಟ್ಟ ಹುರುಳಿ ಕಟ್ಟು ಕುದಿಯುತ್ತಿತ್ತು. ಕರಿಯಕ್ಕ ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ಗೂಡಿನಲ್ಲಿದ್ದ ರಂಗಪ್ಪನ ಪಟದ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಪಟದಲ್ಲಿ ದೇವರು ಇದ್ದೇ ಇದ್ದ. ಅವನಿಗೆ ಬೆನ್ನು ಮಾಡಿ ನಿಂತು, ಎರಡು ಸೌಟು ಸಾರನ್ನು ಮಗನ ತಂಬಿಗೆಗೆ ಸುರಿದು, ಮೇಲೆ ಹುರುಳಿ ಕಟ್ಟು ತುಂಬಿ, ಬೆಳ್ಳುಳ್ಳಿ ಒಗ್ಗರಣೆಯನ್ನು ಎಂದಿಗಿಂತ ಎರಡರಷ್ಟು ಹಾಕಿದಳು. ವಾಸನೆ ಮುಚ್ಚಬೇಕಲ್ಲ.

ಅಷ್ಟು ಹೊತ್ತಿಗೆ ಮಗ ದಾಸಣ್ಣ ಗರಡಿಯಿಂದ ಬಂದ. ಮೈಯೆಲ್ಲ ಕೆಮ್ಮಣ್ಣು, ಬೆವರು. ತಂಬಿಗೆ ತೆಗೆದುಕೊಂಡು ಎಂದಿನಂತೆ ಹಿತ್ತಲ ಕಡೆ ಹೋದ. ಬೆವರು ಆರುವವರೆಗೆ ಗಾಳಿಯಲ್ಲಿ ಕೂತು, ಗುಟುಕು ಗುಟುಕಾಗಿ ಕುಡಿಯಬೇಕೆಂದು ಗರಡಿಯ ಚನ್ನಮಲ್ಲಯ್ಯನವರು ಹೇಳಿದ್ದರು. ಸ್ವಲ್ಪ ಹೊತ್ತಿನ ಮೇಲೆ ಖಾಲಿ ತಂಬಿಗೆ ತಂದು ಬಾನಿಯ ಹತ್ತಿರ ಇಟ್ಟ. ಕರಿಯಕ್ಕ ಅವನ ಮುಖವನ್ನೇ ನೋಡಿದಳು. ಅವನು ಮೈಯ ಮಣ್ಣು ತೊಳೆಯತೊಡಗಿದ. ಅವಳ ಎದೆ ಹಗುರಾಗಬೇಕಿತ್ತು. ಬದಲಿಗೆ ಯಾರೋ ಗುಂಡುಕಲ್ಲು ತಂದು ಇಟ್ಟಂತಾಯಿತು.

ಈ ದಾಸಣ್ಣ ಸುಮ್ಮನೆ ಉಳಿದ ಮಗನಲ್ಲ. ಅವನಿಗಿಂತ ಮುಂಚೆ ಎರಡು ಮಕ್ಕಳು ಹುಟ್ಟಿ ಮಣ್ಣು ಸೇರಿದ್ದವು. ಇವನಿಗೂ ಮೂರು ವರ್ಷಕ್ಕೆ ಜ್ವರ ಬಂದು ಕಣ್ಣು ಮೇಲಾದಾಗ, ಕರಿಯಕ್ಕ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಬೆಟ್ಟದ ರಂಗಪ್ಪನ ಗುಡಿಯ ಮುಂದೆ ಕೂತಳು. ಇವನನ್ನು ಉಳಿಸಿಕೊಡು, ಇವನು ನಿನ್ನ ದಾಸ, ಇವನ ಬಾಯಿಗೆ ಮಾಂಸ ಸೋಕಿಸುವುದಿಲ್ಲ ಎಂದು ಹರಕೆ ಹೊತ್ತಳು. ಕುರಿ ಸಾಕುವ ಮನೆಯ ಹೆಂಗಸು ಹೊರಬಹುದಾದ ಹರಕೆಯಲ್ಲಿ ಇದಕ್ಕಿಂತ ಭಾರವಾದದ್ದು ಇರಲಿಲ್ಲ. ಮಗು ಉಳಿಯಿತು, ಹೆಸರೂ ದಾಸಣ್ಣ ಎಂದೇ ಆಯಿತು. ಅಂದಿನಿಂದ ಆ ಮನೆಗೆ ಎರಡು ಒಲೆ. ಒಳ ಒಲೆಯಲ್ಲಿ ಸೊಪ್ಪು, ಕಾಳು, ಮುದ್ದೆ. ಹಬ್ಬ ಹರಿದಿನಕ್ಕೆ ಮರಿ ಕೊಯ್ದರೆ ಹೊಂಗೆಮರದ ಕೆಳಗಿನ ಹೊರ ಒಲೆ. ಹೊರ ಒಲೆ ಹೊತ್ತಿದ ದಿನ ಕರಿಯಕ್ಕ ಮಗನನ್ನು ಒಳಗೆ ಕೂರಿಸಿ ಬಾಗಿಲು ಮುಂದೆ ಮಾಡುತ್ತಿದ್ದಳು. ಹಟ್ಟಿಯ ಮಕ್ಕಳೆಲ್ಲ ಮೂಳೆ ಚೀಪುತ್ತಾ ಅವನನ್ನು ಅಣಕಿಸುತ್ತಿದ್ದರು.

ಅವನು ಬೆಳೆದ, ಎಸ್ಸೆಸ್ಸೆಲ್ಸಿ ಪಾಸಾದ. ಪೊಲೀಸು ಕೆಲಸಕ್ಕೆ ಸೇರಬೇಕೆಂಬ ಆಸೆ ಹತ್ತಿತು. ಹೋದ ವರ್ಷ, ಅಂದರೆ ಎಪ್ಪತ್ತೇಳರಲ್ಲಿ, ತುಮಕೂರಿನ ಮೈದಾನದಲ್ಲಿ ಓಟ ಗೆದ್ದ, ಎತ್ತರ ಸರಿಹೋಯಿತು, ಎದೆ ಅಳತೆಯಲ್ಲಿ ಬಿದ್ದ. ಉಸಿರು ತುಂಬಿ ಉಬ್ಬಿಸಿದಾಗ ಮೂವತ್ತಮೂರೂವರೆ ಇಂಚು ಬರಬೇಕು, ಮೂವತ್ತಮೂರಕ್ಕೆ ನಿಂತುಬಿಟ್ಟಿತು. ಅರ್ಧ ಇಂಚು. ಈ ವರ್ಷ ಬಿಟ್ಟರೆ ವಯಸ್ಸು ಮೀರುತ್ತದೆ. ಗಂಡ ಓಬಳಪ್ಪ ಹೆಚ್ಚು ಮಾತಿನವನಲ್ಲ. ಈ ಸಲವೂ ಆಗದಿದ್ದರೆ ಸಂಕ್ರಾಂತಿ ಕಳೆದು ತನ್ನ ಜೊತೆ ಮಂದೆ ಹೊಡೆದುಕೊಂಡು ನಾಲೆ ಬಯಲಿಗೆ ಬರಲಿ ಎಂದಷ್ಟೇ ಹೇಳಿ ಕಂಬಳಿ ಕೊಡವಿ ಎದ್ದುಹೋಗಿದ್ದ.

ಆಗಲೇ ದಾಸಣ್ಣ ಪಕ್ಕದೂರು ಹುಲಿಕುಂಟೆಯ ಚನ್ನಮಲ್ಲಯ್ಯನವರ ಕಾಲು ಹಿಡಿದದ್ದು. ಅವರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು, ಊರಿನ ಗರಡಿಗೆ ಹಿರಿಯರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಅರವತ್ತು ದಾಟಿದ್ದರೂ ಗುಂಡುಕಲ್ಲನ್ನು ಹೆಗಲಿಗೆ ಎತ್ತಿ ಇಳಿಸುತ್ತಿದ್ದರು. ಮೊಟ್ಟೆಯನ್ನು ಕಣ್ಣಲ್ಲಿ ನೋಡಿದ್ದರೇ ಹೊರತು ಬಾಯಲ್ಲಿ ಕಂಡವರಲ್ಲ. ಕರಿಯಕ್ಕ ಅವರ ಮುಂದೆ ನಿಂತು ತನ್ನ ಸಂಕಟ ಹೇಳಿಕೊಂಡಾಗ, ಬೆಳಗ್ಗೆ ನೆನೆಹಾಕಿದ ಕಡ್ಲೇಕಾಯಿ ಬೀಜ ಒಂದು ಹಿಡಿ, ಸಾಮು ಮಾಡಿ ಬಂದ ಮೇಲೆ ಹುರುಳಿ ಕಟ್ಟು, ಮಧ್ಯಾಹ್ನ ನುಗ್ಗೆಸೊಪ್ಪಿನ ಸಾರಿನ ಜೊತೆ ಎರಡು ಮುದ್ದೆ, ಸಾಯಂಕಾಲ ಮೊಳಕೆ ಬರಿಸಿದ ಹೆಸರುಕಾಳು, ರಾತ್ರಿ ನವಣೆ ಅನ್ನ, ವಾರಕ್ಕೊಮ್ಮೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಎಂದು ಬೆರಳು ಮಡಿಸಿ ಹೇಳಿದರು. ಅವಳ ಮುಖದಲ್ಲಿ ನಂಬಿಕೆ ಕಾಣಲಿಲ್ಲವೋ ಏನೋ, ಮೀಸೆಯಡಿ ನಕ್ಕರು.

"ನಿಮ್ಮ ಕುರಿ ಏನು ತಿಂದು ಕೊಬ್ಬುತ್ತವ್ವ? ಸೊಪ್ಪು ಸದೆ ತಾನೆ? ಅದನ್ನ ನಿನ್ನ ಮಗ ನೇರವಾಗಿ ತಿನ್ಲಿ. ಮಧ್ಯದಲ್ಲಿ ಕುರಿ ಯಾಕೆ?"

ಕರಿಯಕ್ಕ ತಲೆಯಾಡಿಸಿ ಬಂದಳು. ಆದರೆ ಹಟ್ಟಿಗೆ ಬಂದು ಹೇಳಿದ್ದೇ ತಡ, ಗೌರಕ್ಕ ಆ ಮಾತನ್ನು ಸಿಪ್ಪೆ ಸುಲಿದಂತೆ ಸುಲಿದು ಬಿಸಾಕಿದಳು. ಅಯ್ನೋರದು ಹುಟ್ಟಾ ಸೊಪ್ಪು ತಿಂದ ಮೈ, ಅವರ ತಾತ ಮುತ್ತಾತನೂ ಅದನ್ನೇ ತಿಂದವರು. ನಮ್ಮದು ಕುರಿ ತಿಂದು ಬೆಳೆದ ರಕ್ತ, ಅದಕ್ಕೆ ಕುರಿಯೇ ಬೀಳಬೇಕು ಎಂದಳು. ಗೌರಕ್ಕನಿಗೆ ಎಲ್ಲ ವಿಷಯದಲ್ಲೂ ಒಂದು ಅಭಿಪ್ರಾಯವಿತ್ತು, ಅದನ್ನು ಒಳಗೇ ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ. ಆ ಮಾತು ಕರಿಯಕ್ಕನ ಕಿವಿಯಲ್ಲಿ ಕೂತುಬಿಟ್ಟಿತು.

ಹಾಗೆಂದು ಅವಳು ಸೊಪ್ಪು ಕಾಳಿನಲ್ಲಿ ಕೈ ಹಿಡಿದವಳಲ್ಲ. ಬದುವಿನ ಮೇಲೆ ಅಣ್ಣೆಸೊಪ್ಪು, ಕಿರುಕಸಾಲೆ, ಗೋಣಿಸೊಪ್ಪು ಹುಡುಕಿ ಮಡಿಲು ತುಂಬಿಕೊಂಡು ಬರುತ್ತಿದ್ದಳು. ಕಾಳು ಕಟ್ಟಿದ ಬಟ್ಟೆಯನ್ನು ಗಳಿಗೆಗೊಮ್ಮೆ ಬಿಚ್ಚಿ ಮೊಳಕೆ ಬಂತೇ ಎಂದು ನೋಡುತ್ತಿದ್ದಳು. ಅಷ್ಟು ಸಾಲದೆಂದು ಅಳತೆಗೆ ಒಂದು ದಾರವನ್ನೂ ಮಾಡಿಕೊಂಡಳು. ತಾನೇ ನೂತ ಕರಿ ಉಣ್ಣೆಯ ದಾರ. ಹುಲಿಕುಂಟೆಯ ಟೈಲರನ ಹತ್ತಿರ ಮೂವತ್ತಮೂರೂವರೆ ಇಂಚಿಗೆ ಸರಿಯಾಗಿ ಎರಡು ಗಂಟು ಹಾಕಿಸಿಕೊಂಡು ಬಂದಳು. ಶನಿವಾರ ಶನಿವಾರ ಮಗನನ್ನು ಪಟದ ಮುಂದೆ ನಿಲ್ಲಿಸಿ, ಉಸಿರು ತುಂಬಿಕೋ ಎಂದು ಹೇಳಿ, ದಾರವನ್ನು ಎದೆಗೆ ಸುತ್ತಿ ಗಟ್ಟಿಯಾಗಿ ಎಳೆಯುತ್ತಿದ್ದಳು. ಒಂದು ಗಂಟು ಇನ್ನೊಂದು ಗಂಟಿಗೆ ಮುಟ್ಟಿದರೆ ಸಾಕು, ಎದೆ ಮೀರಿ ನಿಂತರೆ ಇನ್ನೂ ಒಳ್ಳೆಯದು. ಆದರೆ ಗಂಟುಗಳು ಪ್ರತಿ ವಾರವೂ ಒಂದನ್ನೊಂದು ಒಂದು ಬೆರಳು ದಾಟಿ ಕೂರುತ್ತಿದ್ದವು. ಅಷ್ಟು ದಾರ ಮಿಕ್ಕಿತೆಂದರೆ ಎದೆ ಅಷ್ಟು ಸಾಲದು ಎಂದರ್ಥ.

ಒಂದು ತಿಂಗಳಾಯಿತು, ಎರಡಾಯಿತು, ಮೂರನೆಯದೂ ಕಳೆಯುತ್ತ ಬಂತು. ಮಿಕ್ಕ ಬೆರಳು ಮಿಕ್ಕೇ ಇತ್ತು. ಅಂಗಿ ಬಿಗಿಯಾಗಿದೆ ಎಂದು ದಾಸಣ್ಣ ಹೇಳಿದರೆ, ಒಗೆದು ಒಗೆದು ಬಟ್ಟೆ ಕುಗ್ಗಿದೆ ಎಂದುಕೊಂಡಳು. ಅಳೆದು ಅಳೆದು ನೋಡುವುದಕ್ಕೆ ಅದೇನು ಕುಂಬಳಕಾಯಿಯೇ, ಸುಮ್ಮನಿರು ಎಂದು ಚನ್ನಮಲ್ಲಯ್ಯನವರು ಗದರಿದರೂ ಅವಳಿಗೆ ನೆಮ್ಮದಿಯಾಗಲಿಲ್ಲ. ಸೆಲೆಕ್ಷನ್ನಿಗೆ ನಲವತ್ತು ದಿನ ಉಳಿದಿತ್ತು. ಒಂದು ಕಡೆ ಹರಕೆ, ಒಂದು ಕಡೆ ದಾರ. ಕೊನೆಗೆ ದೇವರ ಮೇಲಿನ ಭಯಕ್ಕಿಂತ ದಾರದ ಮೇಲಿನ ಭಯ ದೊಡ್ಡದಾಯಿತು. ಅವಳು ಗೌರಕ್ಕನ ಬಾಗಿಲಿಗೆ ಹೋಗಿ ನಿಂತಳು.

ಅವತ್ತಿನಿಂದ ದಿನಾ ಬೆಳಿಗ್ಗೆ ಚೊಂಬು ಹೊಸಿಲು ದಾಟಿತು.

ಶಿಕ್ಷೆ ಯಾವ ದಿಕ್ಕಿನಿಂದ ಬರುತ್ತದೋ ಎಂದು ಕಾಯುವುದೇ ಕರಿಯಕ್ಕನ ಕೆಲಸವಾಯಿತು. ಮೊದಲ ವಾರವೇ ದಾಸಣ್ಣ ಓಡುವಾಗ ಎಡವಿ ಮಂಡಿ ಕೆತ್ತಿಕೊಂಡ. ಹಟ್ಟಿಯಲ್ಲಿ ಓಡುವವರೆಲ್ಲ ಎಡವುತ್ತಾರೆ, ಆದರೆ ಇವಳಿಗೆ ಅದು ಎಚ್ಚರಿಕೆಯಾಗಿ ಕಂಡಿತು. ಮುಂದಿನ ವಾರ ಒಂದು ಕುರಿ ಕುಂಟಿತು. ಅದೂ ಲೆಕ್ಕಕ್ಕೆ ಸೇರಿತು. ಮಗ ರಾತ್ರಿ ಒಂದು ಸಲ ಕೆಮ್ಮಿದರೆ ಇವಳು ಎದ್ದು ಕೂತು ಹಣೆ ಮುಟ್ಟಿ ನೋಡುತ್ತಿದ್ದಳು. ಮೂರು ವರ್ಷದ ಮಗುವಿನ ಸುಡುವ ಹಣೆ ಅವಳ ಅಂಗೈಗೆ ಇನ್ನೂ ನೆನಪಿತ್ತು. ತಪ್ಪು ನನ್ನದು, ನನ್ನನ್ನೇ ಕರಕೊಂಡು ಹೋಗು, ಅವನಿಗೆ ಏನೂ ತಿಳಿಯದು ಎಂದು ಪಟದ ಮುಂದೆ ಮೊರೆಯಿಟ್ಟು, ತಾನು ಅಂಬಲಿ ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದು ದೇವರ ಜೊತೆ ಇನ್ನೊಂದು ಒಪ್ಪಂದ ಮಾಡಿಕೊಂಡಳು. ದೇವರು ಒಪ್ಪಿದನೋ ಇಲ್ಲವೋ ಹೇಳಲಿಲ್ಲ. ಅವಳ ಕೈಬಳೆಗಳು ಮಾತ್ರ ಮೊಣಕೈವರೆಗೆ ಜಾರತೊಡಗಿದವು.

ಒಮ್ಮೆ ನಿಲ್ಲಿಸಿಯೂ ನೋಡಿದಳು. ಹದಿನೈದು ದಿನ ಕಳೆದ ಮೇಲೆ ಇನ್ನು ಸಾಕೆಂದು ಮೂರು ದಿನ ಬರೀ ಹುರುಳಿ ಕಟ್ಟನ್ನೇ ಕೊಟ್ಟಳು. ಮೂರನೆಯ ದಿನ ಶನಿವಾರ. ದಾರ ಸುತ್ತಿದರೆ ಮಿಕ್ಕಿದ್ದು ಅರ್ಧ ಬೆರಳು! ಮೂರು ತಿಂಗಳು ಅಲ್ಲಾಡದಿದ್ದ ಗಂಟು ಕಾಲುಸಾರು ಬಿದ್ದ ಎರಡು ವಾರದಲ್ಲಿ ಸರಿದಿತ್ತು. ಹಾಗಾದರೆ ಗೌರಕ್ಕ ಹೇಳಿದ್ದೇ ನಿಜ, ರಕ್ತ ಕೇಳಿದ್ದನ್ನೇ ಕೊಡಬೇಕು. ಕರಿಯಕ್ಕನಿಗೆ ಸಂತೋಷವಾಗಲಿಲ್ಲ, ಬಲೆಗೆ ಬಿದ್ದೆ ಎನಿಸಿತು. ಭಾನುವಾರ ಬೆಳಿಗ್ಗೆ ಚೊಂಬು ಮತ್ತೆ ಸೆರಗಿನಡಿ ಬಂತು.

ಸೆಲೆಕ್ಷನ್ನಿಗೆ ಹೊರಡುವ ದಿನ ದಾಸಣ್ಣ ತಾಯಿಯನ್ನು ನೋಡಿ, ತಾನು ಊದಿಕೊಂಡರೆ ಅವಳು ಬತ್ತಿಹೋಗಿದ್ದಾಳೆ, ಹೊಟ್ಟೆಗೆ ಸರಿಯಾಗಿ ಉಣ್ಣಬೇಕು ಎಂದ. ಕಡ್ಲೇಬೀಜ, ಬೆಲ್ಲ, ಹುರಿಹಿಟ್ಟು ಕಟ್ಟಿಕೊಂಡು ಮೊದಲ ಬಸ್ಸಿಗೆ ಹೋದ. ಅವತ್ತು ಸಾಯಂಕಾಲವೇ ಬರುತ್ತೇನೆ ಎಂದಿದ್ದ.

ಸಾಯಂಕಾಲದ ಬಸ್ಸು ಬಂತು, ದಾಸಣ್ಣ ಬರಲಿಲ್ಲ. ಜನ ಜಾಸ್ತಿ ಇದ್ದರೆ ಎರಡು ದಿನ ಹಿಡಿಯುತ್ತದೆ ಎಂದು ಓಬಳಪ್ಪ ಹೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಓಡುತ್ತ ಓಡುತ್ತ ಎದೆ ಹಿಡಿದುಕೊಂಡು ಬಿದ್ದ ಮಗ ಕಣ್ಣ ಮುಂದೆ ಬರುತ್ತಿದ್ದ. ಅದೇ ಹೊತ್ತಿಗೆ ಇನ್ನೊಂದು ಅಪಶಕುನ. ಮಂದೆ ಕಾಯುವ ನಾಯಿ ಕೆಂಚನಿಗೆ ಅಂಬಲಿ ಮುದ್ದೆ ಹಾಕಿದರೆ, ಮೂಸಿ ಮುಖ ತಿರುಗಿಸಿ ಹಿತ್ತಲಿಗೆ ಹೋಗಿ ಕೂತಿತು. ಮರುದಿನ ಬೆಳಿಗ್ಗೆಯೂ ಹಾಗೇ. ದಾಸಣ್ಣ ದಿನಾ ಕೂರುವ ಕಲ್ಲಿನ ಪಕ್ಕ ಕೂತು, ಬಾಗಿಲನ್ನೇ ನೋಡುತ್ತ ಸಣ್ಣಗೆ ಕುಂಯ್‌ಗುಡುತ್ತಿತ್ತು. ಮನೆಯ ನಾಯಿ ಕೂಳು ಬಿಟ್ಟರೆ ಮನೆಯ ಗಂಡಸಿಗೆ ಒಳ್ಳೆಯದಲ್ಲ ಎಂಬುದು ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಕರಿಯಕ್ಕ ದಡಕ್ಕನೆ ಎದ್ದಳು. ಕಾಲುಸಾರಿನ ಚೊಂಬನ್ನು ಬೂದಿ ಹಾಕಿ ಮೂರು ಸಲ ಬೆಳಗಿ ಗೌರಕ್ಕನ ಮನೆಗೆ ಎಸೆದು ಬಂದಳು. ಒಳ ಒಲೆಯನ್ನು ಸಗಣಿ ಹಾಕಿ ಸಾರಿಸಿದಳು. ಹೊಸ ಮಡಕೆಯಲ್ಲಿ ಹುರುಳಿ ಬೇಯಲು ಇಟ್ಟಳು. ಬಂದರೆ ಉಣ್ಣಲಿ, ಬಂದರೆ ಸಾಕು, ಕೆಲಸ ಹಾಳಾಗಿ ಹೋಗಲಿ, ನನ್ನ ಮಗ ಬರಲಿ ಎಂದು ಒಲೆಯ ಮುಂದೆ ಕೂತು ಅತ್ತಳು.

ಮಧ್ಯಾಹ್ನದ ಬಿಸಿಲಿನಲ್ಲಿ ದಾಸಣ್ಣ ಬಂದ. ಎರಡು ಕಾಲಿನ ಮೇಲೆ ನಡೆದುಕೊಂಡೇ ಬಂದ.

"ಆಯ್ತು ಕಣವ್ವ," ಎಂದ. "ಎದೆ ಮೂವತ್ನಾಕೂವರೆ ಬಂತು."

ಜಗಲಿಯ ಮೇಲಿದ್ದ ಓಬಳಪ್ಪ ಎದ್ದು ನಿಂತ. ಒಂದು ಇಂಚು ಜಾಸ್ತಿ. ಕರಿಯಕ್ಕ ನಂಬಲಾರದೆ ಗೂಡಿನಿಂದ ದಾರ ತಂದು ಮಗನ ಎದೆಗೆ ಸುತ್ತಿದಳು. ಗಂಟಿಗೆ ಗಂಟು ಸರಿಯಾಗಿ ಮುಟ್ಟಿತು, ಒಂದು ಕೂದಲೂ ಹೆಚ್ಚಿಲ್ಲ. ಆ ದಾರದ ಪ್ರಕಾರ ಮೂವತ್ತಮೂರೂವರೆಯೇ. ಓಬಳಪ್ಪ ದಾರವನ್ನು ಕೈಗೆ ತೆಗೆದುಕೊಂಡು, ಬೆರಳಿನಲ್ಲಿ ಹೊಸೆದು, ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದ. ಅವನ ಮುಖದಲ್ಲಿ ಅಪರೂಪಕ್ಕೆ ನಗು ಬಂತು.

"ಇದು ಬುಡು ಹುರಿ ಕಣಮ್ಮಿ. ಎಳ್ದಷ್ಟೂ ಉದ್ದ ಬತ್ತದೆ. ಶನಿವಾರ ಶನಿವಾರ ಜಗ್ಗಿದೀಯಲ್ಲ, ಎದೆ ಜೊತ್ಗೆ ದಾರಾನೂ ಬೆಳ್ದದೆ."

ಹುಟ್ಟಿದಾಗಿನಿಂದ ಉಣ್ಣೆ ನೂತ ಹೆಂಗಸು, ಸಡಿಲವಾಗಿ ಹೊಸೆದ ಬುಡುಹುರಿಯ ಉಣ್ಣೆ ಎಳೆದರೆ ಹಿಗ್ಗುತ್ತದೆಂದು ಹಟ್ಟಿಯ ಸೊಸೆಯಂದಿರಿಗೆಲ್ಲ ಕಲಿಸಿಕೊಟ್ಟವಳು, ತನ್ನ ಮಗನ ವಿಷಯ ಬಂದಾಗ ಅದನ್ನು ಮರೆತಿದ್ದಳು. ಅಂದರೆ ಎದೆ ಮೊದಲ ತಿಂಗಳಿನಿಂದಲೇ ಹಿಗ್ಗುತ್ತಿತ್ತು. ನುಗ್ಗೆಸೊಪ್ಪು, ಹುರುಳಿ, ಕಡ್ಲೇಬೀಜ ತಮ್ಮ ಕೆಲಸ ತಾವು ಮಾಡುತ್ತಿದ್ದವು. ದಾರ ಇನ್ನು ಹಿಗ್ಗಲಾರದೆ ನಿಂತಾಗ ಎದೆ ಅದನ್ನು ಹಿಡಿಯಿತು, ಅಷ್ಟೇ. ಹಾಗಾದರೆ ಕಾಲುಸಾರು ಬೇಕಾಗಿಯೇ ಇರಲಿಲ್ಲ. ಬೇಡದ ಪಾಪಕ್ಕೆ ಮಗನ ಆಯುಸ್ಸನ್ನು ಅಡವಿಟ್ಟಿದ್ದಳು. ಕರಿಯಕ್ಕ ಅಲ್ಲೇ ಕೂತು ಅಳತೊಡಗಿದಳು. ಗಂಡ ಮಗ ಇಬ್ಬರೂ ಸಂತೋಷಕ್ಕೆ ಅಂದುಕೊಂಡರು.

"ನಿನ್ ಬಾಯಿಗೆ ನಾನೇ ಕಾಲ್‌ಸಾರು ಉಯ್ದೆ ಕಣಪ್ಪ," ಎಂದಳು. "ನಲವತ್ತು ದಿನ ಉಯ್ದೆ. ರಂಗಪ್ಪನಿಗೆ ಕೊಟ್ಟ ಮಾತ ನಾನೇ ಮುರ್ದೆ."

ಓಬಳಪ್ಪನ ನಗು ನಿಂತಿತು. ಅವನು ಪಟದ ಕಡೆ ನೋಡಿದ. ದಾಸಣ್ಣ ಮಾತ್ರ ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಗೊತ್ತವ್ವ. ಮೊದಲ್ನೇ ದಿನಾನೇ ಗೊತ್ತಾಯ್ತು. ಹೊರ ಒಲೆ ವಾಸ್ನೆ ಅಲ್ವ ಅದು? ಆ ವಾಸ್ನೆ ಬಂದಾಗೆಲ್ಲ ನನ್ನ ಒಳೀಕೆ ಕೂಡಾಕ್ತಿದ್ದೋಳು ನೀನೇ. ನಾನು ಮರೀತೀನಾ? ಬಾಯಿಗೆ ಇಕ್ಕಿಲ್ಲ ಕಣವ್ವ. ಕೆಂಚನ ಬೋಗುಣೀಗೆ ಉಯ್ತಿದ್ದೆ."

ಕರಿಯಕ್ಕ ಅವನ ಮುಖವನ್ನೇ ದಿಟ್ಟಿಸಿದಳು. ತನ್ನ ಸಮಾಧಾನಕ್ಕೆ ಹೇಳುತ್ತಿದ್ದಾನೆ, ತಾಯಿ ಅಳುವುದನ್ನು ನೋಡಲಾರದೆ ಸುಳ್ಳು ಹೇಳುತ್ತಿದ್ದಾನೆ ಎನಿಸಿತು. ಅವನು ಅದನ್ನೂ ಓದಿಕೊಂಡವನಂತೆ, ನಡುವೆ ಮೂರು ದಿನ ಬರೀ ಕಟ್ಟು ಬಂದಿತ್ತು, ಅದನ್ನು ಮಾತ್ರ ತಾನೇ ಕುಡಿದೆ, ಆಮೇಲೆ ಭಾನುವಾರದಿಂದ ಮತ್ತೆ ವಾಸನೆ ಶುರುವಾಯಿತು ಎಂದ. ಆ ಮೂರು ದಿನದ ಸಂಗತಿ ಅವಳಿಗೂ ಪಟದ ದೇವರಿಗೂ ಬಿಟ್ಟರೆ ಗೌರಕ್ಕನಿಗೂ ಗೊತ್ತಿರಲಿಲ್ಲ. ಚೊಂಬನ್ನು ದಾರಿಯಲ್ಲೇ ಚೆಲ್ಲಿ ಬಂದಿದ್ದಳು.

"ಗೊತ್ತಾಗಿದ್ರೆ ಯಾಕ್ಲಾ ಹೇಳ್ಲಿಲ್ಲ?" ಎಂದು ಅವನ ತೋಳು ಹಿಡಿದು ಕೇಳಿದಳು.

ದಾಸಣ್ಣ ನೆಲ ನೋಡಿದ. "ಅದನ್ನ ಕೊಟ್ಟ ಮ್ಯಾಕೆ ನಿನ್ಗೆ ಧೈರ್ಯ ಬಂದದೆ, ನೆಮ್ದಿಯಾಗಿ ಮಲಗ್ತೀಯ ಅನ್ಕಂಡೆ. ಅದ್ಕೇ ಸುಮ್ಕಿದ್ದೆ."

ನೆಮ್ಮದಿಯಾಗಿ ಮಲಗುವುದು! ನಲವತ್ತು ದಿನ ಕಣ್ಣು ಮುಚ್ಚದೆ ಅವನ ಉಸಿರು ಎಣಿಸಿದವಳು ಅವಳು. ಪಕ್ಕದಲ್ಲಿದ್ದ ಮುದ್ದೆಕೋಲು ತೆಗೆದು ಮಗನ ಬೆನ್ನಿಗೆ ಒಂದು ಬಿಟ್ಟಳು. ಪೊಲೀಸಪ್ಪ ತೆಪ್ಪಗೆ ತಿಂದ.

ಆ ಗದ್ದಲಕ್ಕೆ ಹಿತ್ತಲಿಂದ ಕೆಂಚ ಓಡಿ ಬಂತು. ದಾಸಣ್ಣನನ್ನು ಕಂಡು ಬಾಲ ಬಡಿಯುತ್ತ, ಮೈಯೆಲ್ಲ ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುತ್ತ, ನೇರವಾಗಿ ತನ್ನ ಬೋಗುಣಿಯ ಹತ್ತಿರ ಹೋಗಿ ನಿಂತಿತು. ಹಟ್ಟಿಯ ಬೇರೆ ನಾಯಿಗಳಿಗೆಲ್ಲ ಪಕ್ಕೆಲುಬು ಕಾಣುತ್ತಿದ್ದರೆ ಇದು ಯಾವಾಗ ಇಷ್ಟು ದುಂಡಗಾಯಿತು ಎಂದು ಕರಿಯಕ್ಕ ಅವತ್ತೇ ನೋಡಿದ್ದು. ಅವಳು ಎದ್ದು ಹೊಸ ಮಡಕೆಯಿಂದ ಒಂದು ಸೌಟು ಹುರುಳಿ ಕಟ್ಟನ್ನು ತಂದು ಬೋಗುಣಿಗೆ ಹಾಕಿದಳು. ಕೆಂಚ ಆತುರದಿಂದ ಮೂತಿ ಇಟ್ಟಿತು. ಒಂದು ಸಲ ನೆಕ್ಕಿತು, ನಿಂತಿತು, ಇನ್ನೊಂದು ಸಲ ಮೂಸಿತು. ಮತ್ತೆ ತಲೆ ಎತ್ತಿ, ಎಷ್ಟೋ ದಿನದ ನಂಬಿಕೆಗೆ ಮೋಸವಾಯಿತೆಂಬಂತೆ ಕರಿಯಕ್ಕನನ್ನು ನೋಡಿ, ಹೊಂಗೆಮರದ ಕಡೆ ನಡೆದುಬಿಟ್ಟಿತು.

ಓಬಳಪ್ಪ ಮೊದಲು ನಕ್ಕ, ಆಮೇಲೆ ದಾಸಣ್ಣ. ಕರಿಯಕ್ಕ ನಗುತ್ತಾ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪಟದ ಮುಂದೆ ಹೋಗಿ, ಈ ಸಲ ಬೆನ್ನು ಮಾಡದೆ ನಿಂತು, ಅಂಬಲಿಯ ಒಪ್ಪಂದ ಇಲ್ಲಿಗೆ ತೀರಿತೆಂದು ಹೇಳಿ ಕೈ ಮುಗಿದಳು. ಆಮೇಲೆ ಮೂರು ತಣಿಗೆ ಹಾಕಿ, ಮುದ್ದೆ ಇಟ್ಟು, ಹುರುಳಿ ಕಟ್ಟಿನ ಸಾರು ಬಿಟ್ಟಳು. ಅವಳೂ ಅವರ ಜೊತೆಗೇ ಕೂತಳು. ಮೊದಲ ತುತ್ತು ಗಂಟಲಲ್ಲಿ ಇಳಿದಾಗ ಹಸಿವು ಎಷ್ಟಿತ್ತೆಂದು ಅವಳಿಗೇ ಗೊತ್ತಾಯಿತು. ಮಗ ತನ್ನ ತಣಿಗೆಯಿಂದ ಇನ್ನರ್ಧ ಮುದ್ದೆ ಮುರಿದು ಅವಳಿಗೆ ಹಾಕಿದ. ಬೇಡವೆನ್ನದೆ ಉಂಡಳು.